ಇವತ್ತಿನ ಹಾಲು ಇವತ್ತಿಗೆ

ಹೋದ ವಾರ ಪುಣೆಯಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಸಕ್ಕರೆ ಹುಡುಕುತ್ತ ನಮ್ಮ ಅಡುಗೆಮನೆಯ ಕಪಾಟು ತೆರೆದಳು. ಒಂದು ಡಬ್ಬಿ ತೆಗೆದಳು, ತಳದಲ್ಲಿ ಹಿಡಿಯಷ್ಟು ಅವಲಕ್ಕಿ. ಇನ್ನೊಂದು ತೆಗೆದಳು, ಇವತ್ತಿನ ಉಪ್ಪಿಟ್ಟಿಗಾಗುವಷ್ಟು ರವೆ. ಆಮೇಲಿನದರಲ್ಲಿ ಏನೂ ಇರಲಿಲ್ಲ. ಕಪಾಟಿನ ಬಾಗಿಲನ್ನು ಮೆಲ್ಲಗೆ ಮುಚ್ಚಿ, ನೋಡಬಾರದ್ದನ್ನು ನೋಡಿದವಳ ಹಾಗೆ ನನ್ನ ಕಡೆ ತಿರುಗಿ, "ಆಂಟಿ, ಹೋಂ ಸ್ಟೇ ಬಂದ್ ಮಾಡುತ್ತಿದ್ದೀರಾ?" ಎಂದು ಹಿಂದಿಯಲ್ಲಿ ಕೇಳಿದಳು. ದನಿಯಲ್ಲಿ ನಿಜವಾದ ಮರುಕವಿತ್ತು.

ನನಗೆ ನಗು ಬಂತು. ಅವಳದೇನೂ ತಪ್ಪಿಲ್ಲ. ಗಣೇಶಗುಡಿಯಂಥ ಊರಿನಲ್ಲಿ ನಾಲ್ಕು ಕೋಣೆ ಇಟ್ಟುಕೊಂಡು, ಬಂದವರಿಗೆ ಉಣಬಡಿಸಿ ಕಳಿಸುವ ಮನೆ ಎಂದರೆ ಅಕ್ಕಿಯ ಚೀಲ, ಎಣ್ಣೆಯ ಡಬ್ಬ, ಮೂಲೆಯಲ್ಲೊಂದು ಈರುಳ್ಳಿ ಗುಡ್ಡೆ ಇರಲೇಬೇಕಲ್ಲ. ನಮ್ಮಲ್ಲಿ ಇರುವುದು ಇವತ್ತಿಗೆ ಬೇಕಾದಷ್ಟು. ಉಳಿದದ್ದೆಲ್ಲ ಯಾವಾಗಲೂ ದಾರಿಯ ಮೇಲೆ ಇರುತ್ತದೆ.

ಇದನ್ನು ನಾನು ಹೇಳುತ್ತಿದ್ದೇನೆ ಅಂದರೆ ನಮ್ಮ ತವರಿನವರು ನಂಬಲಿಕ್ಕಿಲ್ಲ. ನಾನು ಹುಟ್ಟಿದ್ದು ಹಳಿಯಾಳದಲ್ಲಿ, ಕಾಳುಕಡಿ ವ್ಯಾಪಾರದ ಮನೆಯಲ್ಲಿ. ಮನೆ ಎಂದೆನಲ್ಲ, ಅದು ಚೀಲಗಳ ಮನೆ. ಚೀಲಗಳು ಒಪ್ಪಿಗೆ ಕೊಟ್ಟಷ್ಟು ಜಾಗದಲ್ಲಿ ನಾವು ವಾಸವಾಗಿದ್ದೆವು. ನಡುಮನೆಯಲ್ಲಿ ಬತ್ತ, ಹಿಂದಿನ ಖೋಲಿಯಲ್ಲಿ ಜೋಳ, ಅಟ್ಟದ ಮೇಲೆ ಮೆಣಸಿನಕಾಯಿ. ಮೆಣಸಿನಕಾಯಿಯ ಕೆಳಗೆ ಮಲಗುತ್ತಿದ್ದ ಕಾರಣ ನಾವು ಮಕ್ಕಳೆಲ್ಲ ಸೀನುತ್ತಲೇ ಬೆಳೆದೆವು. ಕಣ್ಣಾಮುಚ್ಚಾಲೆ ಆಡಲು ಅದರಷ್ಟು ಒಳ್ಳೆಯ ಮನೆ ಇನ್ನೊಂದಿಲ್ಲ. ಒಮ್ಮೆ ಜೋಳದ ಚೀಲಗಳ ಸಂದಿಯಲ್ಲಿ ಅಡಗಿ ಕೂತು ಹಾಗೇ ನಿದ್ದೆ ಹೋಗಿದ್ದೆ. ಓಣಿಯೆಲ್ಲ ಹುಡುಕಿದರಂತೆ. ಕೊನೆಗೆ ಜೋಳ ಕೊಳ್ಳಲು ಬಂದ ಗಿರಾಕಿಯೊಬ್ಬರಿಗೆ ಚೀಲದ ಜೊತೆ ನಾನೂ ಸಿಕ್ಕೆ.

ಆ ಸಂಗ್ರಹದ ಒಡತಿ ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಹೊಸ ಅಕ್ಕಿ ಬಂತೆಂದರೆ ಅದನ್ನು ಹಿಂದೆ ಸರಿಸಿ ಹಳೆಯದನ್ನು ಮುಂದೆ ತರಬೇಕು. ಹಳೆಯದು ತೀರುವ ಹೊತ್ತಿಗೆ ಹಿಂದಿದ್ದ ಹೊಸದೂ ಹಳೆಯದಾಗಿರುತ್ತಿತ್ತು. ಹೀಗಾಗಿ ನಮ್ಮ ಮನೆಯಲ್ಲಿ ಯಾವ ಕಾಳೂ ಎಳೆಯ ಪ್ರಾಯದಲ್ಲಿ ಒಲೆ ಕಂಡದ್ದಿಲ್ಲ. ಹೊಸ ಅಕ್ಕಿಯ ಅನ್ನಕ್ಕೆ ಒಂದು ಪರಿಮಳ ಇರುತ್ತದೆಂಬುದು ನನಗೆ ತಿಳಿದದ್ದು ಮದುವೆಯಾದ ಮೇಲೆ. ಬಿಸಿಲು ಬಿತ್ತೆಂದರೆ ಅಂಗಳದ ತುಂಬ ತಾಡಪತ್ರಿ ಹಾಸಿ, ನುಸಿ ಹತ್ತಿದ್ದನ್ನೆಲ್ಲ ಹರವುತ್ತಿದ್ದರು. ಕೋಲು ಹಿಡಿದು ಕೋಳಿ ಕಾಗೆ ಓಡಿಸುವ ಕೆಲಸ ನನ್ನದು. ನನ್ನ ಬಾಲ್ಯದ ಬೇಸಿಗೆಗಳೆಲ್ಲ ಕಾಗೆಗಳೊಂದಿಗೆ ಜಗಳದಲ್ಲೇ ಕಳೆದವು.

ಇಷ್ಟೆಲ್ಲ ಯಾಕೆ ಎಂದು ನಾನೊಮ್ಮೆ ಆಯಿಯನ್ನು ಕೇಳಿದ್ದೆ. ಆಕೆ ಹೊಸ ಸೊಸೆಯಾಗಿದ್ದಾಗ ಒಂದು ಮಳೆಗಾಲ ಹಳ್ಳಗಳೆಲ್ಲ ತುಂಬಿ, ಚಕ್ಕಡಿಗಳು ಊರಿಗೆ ಬರಲಾಗದೆ ನಿಂತುಬಿಟ್ಟಿದ್ದವಂತೆ. "ಬಿತ್ತಾಕ ಇಟ್ಟ ಬತ್ತ ಕುಟ್ಟಿ ಉಂಡೀವಿ ಅವ್ವಿ," ಎಂದಳು ಆಯಿ. ಅದನ್ನು ಹೇಳಿದ್ದು ಅದೊಂದೇ ಸಲ. ಆಮೇಲೆ ಎದ್ದು ಹೋಗಿ ಕಾಳಿನ ಖೋಲಿಯ ಬಾಗಿಲು ಸರಿಯಾಗಿ ಹಾಕಿದೆಯೋ ಇಲ್ಲವೋ ನೋಡಿ ಬಂದಳು.

ಇಂಥ ಮನೆಯಿಂದ ನಾನು ಹೋಗಿ ಬಿದ್ದದ್ದು ದಾಂಡೇಲಿಯಲ್ಲಿ, ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದ ಬಸವರಾಜರ ಮನೆಗೆ. ಸ್ಟೋರ್ಸ್ ಎಂದಾಗ ನಮ್ಮಪ್ಪನಿಗೆ ಬಹಳ ಸಂತೋಷವಾಗಿತ್ತು. ನಮ್ಮ ಹಾಗೆಯೇ ಸಾಮಾನು ತುಂಬಿಸಿಡುವ ಮನುಷ್ಯ ಎಂದುಕೊಂಡಿದ್ದರು. ಆದರೆ ಇವರು ಕಲಿತಿದ್ದ ವಿದ್ಯೆಯೇ ಬೇರೆ. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಚಹಾ ಕುಡಿಯುತ್ತ ನನಗೆ ವಿವರಿಸಿದರು.

"ಒಂದ ಬೇರಿಂಗ್ ಬೇಕಾಗೇತಿ ಅಂತ ತಿಳಕೊ. ಅದು ಬೇಕಾಗೋ ದಿನಾನ ಬರಬೇಕು. ಮೊದಲ ಬಂದ್ರ ಜಾಗಾ ತಿಂತೈತಿ, ತಡಾ ಬಂದ್ರ ಮಷಿನ್ ನಿಂದರ್ತೈತಿ."

"ಬರಲೇ ಇಲ್ಲಂದ್ರ?"

"ಬರೋ ಹಂಗ ನೋಡ್ಕೋಬೇಕು. ಅದಕ್ಕ ನಮಗ ಪಗಾರ ಕೊಡ್ತಾರ."

ಈ ವಿದ್ಯೆಯನ್ನು ಅವರು ಮನೆಗೂ ತಂದರು. ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಬೆಲ್ಲ ಅಚ್ಚಿನ ಲೆಕ್ಕದಲ್ಲಿ ಅಲ್ಲ, ಚೂರಿನ ಲೆಕ್ಕದಲ್ಲಿ ಇರುತ್ತಿತ್ತು. ಪಕ್ಕದ ಮನೆಯವರು ಒಂದು ವಾಟಗ ಸಕ್ಕರೆ ಕೇಳಿಕೊಂಡು ಬಂದರೆ ನಾನು ನಾಚಿಕೆಯಿಂದ ಒಳಗೇ ನಿಲ್ಲುತ್ತಿದ್ದೆ. ಮೊದಲ ವರ್ಷ ಅವ್ವ ಮಗಳ ಸಂಸಾರ ನೋಡಲು ಬಂದಳು. ಬಸ್ಸಿನ ಮೇಲಿಂದ ಜೋಳದ ಚೀಲವೊಂದನ್ನು ಇಳಿಸಿಕೊಂಡೇ ಬಂದಿದ್ದಳು.

"ಇದನ್ನ ಎಲ್ಲಿ ಇಡೂಣ್ರಿ ಅತ್ತಿ?" ಎಂದು ಇವರು ಬಹಳ ಮರ್ಯಾದೆಯಿಂದ ಕೇಳಿದರು.

"ಎಲ್ಲಿ ಅಂದ್ರ? ಕಾಳಿನ ಖೋಲ್ಯಾಗ ಇಡ್ರಿ."

"ಕ್ವಾರ್ಟರ್ಸಿನ್ಯಾಗ ಕಾಳಿನ ಖೋಲಿ ಇರಂಗಿಲ್ಲರಿ."

ಅವ್ವ ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಮಾಡು ಇಲ್ಲದ ಮನೆಗೆ ಮಗಳನ್ನು ಕೊಟ್ಟೆವೋ ಎನ್ನುವ ಹಾಗಿತ್ತು. ಆ ಚೀಲ ಬಹಳ ಕಾಲ ಬಾಗಿಲ ಪಕ್ಕದಲ್ಲೇ ನಿಂತಿತ್ತು. ಬಂದವರು ಅದರ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಇವರು ಕೆಲಸದಿಂದ ನಿವೃತ್ತರಾದ ಮೇಲೆ ನಾವು ಗಣೇಶಗುಡಿಗೆ ಬಂದು ಹೋಂ ಸ್ಟೇ ಶುರುಮಾಡಿದೆವು. ಹೊಳೆಯಲ್ಲಿ ರ‍್ಯಾಫ್ಟಿಂಗ್ ಮಾಡಲು, ಸೂಪಾ ಅಣೆಕಟ್ಟು ನೋಡಲು ಬರುವವರೇ ನಮ್ಮ ಗಿರಾಕಿಗಳು. ಇಲ್ಲಾದರೂ ಒಂದು ಕಾಳಿನ ಖೋಲಿ ಕಟ್ಟಿಸಬಹುದೆಂದು ನಾನು ಆಸೆಪಟ್ಟಿದ್ದೆ. ಆ ಜಾಗದಲ್ಲಿ ಇವರು ಬಚ್ಚಲುಮನೆ ಕಟ್ಟಿಸಿದರು. ಸಾಮಾನಿನ ಏರ್ಪಾಡು ಮಾತ್ರ ಅಚ್ಚುಕಟ್ಟಾಗಿ ಮಾಡಿದರು. ಸಂಜೆ ನಾಳೆಗೆ ಎಷ್ಟು ಮಂದಿ ಎಂದು ನೋಡಿ ಫೋನು ಹಚ್ಚುವುದು. ಬೆಳಿಗ್ಗೆ ದಾಂಡೇಲಿಯ ಮೊದಲ ಬಸ್ಸಿನಲ್ಲಿ ಬೇಕರಿಯ ಪಾವು, ಇನ್ನೂ ಬಿಸಿ ಇರುವಾಗಲೇ. ಹಳಿಯಾಳದ ಕಡೆಯ ಕಾಯಿಪಲ್ಲೆ, ಅಕ್ಕಿ, ಎಣ್ಣೆ ಎಲ್ಲ ಇನಾಸನ ಟಂಟಂನಲ್ಲಿ. ಇನಾಸ ಹಳಿಯಾಳದ ಹತ್ತಿರದ ಹಳ್ಳಿಯ ಸಿದ್ದಿ, ಎತ್ತರದ ಆಳು. ಅವನ ಮೂರು ಗಾಲಿಯ ಗಾಡಿ ತಿರುವಿನಲ್ಲಿ ಕೂಗುವ ಹಾರ್ನ್ ಕೇಳಿದ ಮೇಲೆಯೇ ನಾನು ಒಗ್ಗರಣೆಗೆ ಬಾಣಲೆ ಇಡುವುದು.

ಹಾಲು ಮೊಸರು ಮಾತ್ರ ಭಾಗೂಬಾಯಿಯದು.

ಭಾಗೂಬಾಯಿ ಗೌಳಿಯರ ಹೆಂಗಸು. ಎಮ್ಮೆ ಕಟ್ಟಿಕೊಂಡು ಕಾಡಿನಲ್ಲಿ ಬದುಕುವ ಆ ಜನರ ನಾಲ್ಕಾರು ಮನೆಗಳ ವಾಡೆ ಹಳ್ಳದ ಆಚೆ ಇದೆ. ಅಲ್ಲಿಂದ ಕಾಲುದಾರಿ ಹಿಡಿದು, ಹಳ್ಳದ ಮೇಲೆ ಅಡ್ಡ ಹಾಕಿದ ಮರದ ದಿಮ್ಮಿ ದಾಟಿ, ತಲೆಯ ಮೇಲೆ ಹಾಲಿನ ಕ್ಯಾನು, ಕೈಯಲ್ಲಿ ಮೊಸರಿನ ಕ್ಯಾನು ಹಿಡಿದು, ಕಚ್ಚೆಯ ಸೀರೆಯಲ್ಲಿ ಗಂಡಾಳಿನ ಹಾಗೆ ಹೆಜ್ಜೆ ಹಾಕುತ್ತ ಬರುತ್ತಿದ್ದಳು. ಬಂದವಳು ಹಿಂದಿನ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯಬೇಕು, ಕುಡಿದು ಅದಕ್ಕೊಂದು ಹೆಸರಿಡಬೇಕು.

"ಬಾಯೀ, ನನ್ನ ದುಧಕ್ಕ ಇಷ್ಟ ನೀರ ಹಾಕಿದ್ರ ಎಮ್ಮಿಗೆ ಅಪಮಾನ ಅಲ್ಲೇನ್ರಿ?"

ಹಾಲು ಮಾರುವವರೇ ಕೊಳ್ಳುವವರಿಗೆ ನೀರು ಬೆರೆಸಬೇಡಿ ಎಂದು ಬೈಯುವುದನ್ನು ನಾನು ಕಂಡದ್ದು ಇಲ್ಲೊಂದೇ ಕಡೆ. ಆಮೇಲೆ ಯಾವ ಎಮ್ಮೆ ಗಬ್ಬ, ಯಾವುದು ಮುನಿಸಿಕೊಂಡಿದೆ, ಸೊಸೆ ಸಖೂ ಯಾವ ಹಾಡು ಗುನುಗುತ್ತ ಹಾಲು ಹಿಂಡುತ್ತಾಳೆ, ಎಲ್ಲ ವರದಿ. ಇದಿಷ್ಟು ಮುಗಿದು ಖಾಲಿ ಕ್ಯಾನು ತೊಳೆದುಕೊಂಡು ಆಕೆ ಎದ್ದಳೆಂದರೆ ನನಗೆ ಬೆಳಗಾಯಿತು ಎಂದು ಅರ್ಥ.

ಹೀಗೆ ವರುಷಗಳು ಕಳೆದವು. ಒಂದು ವಿಚಿತ್ರ ಹೇಳುತ್ತೇನೆ ಕೇಳಿ. ಕಳೆದ ಮಳೆಗಾಲದಲ್ಲಿ ಕೆಲವು ದಿನ ಬಸ್ಸು ಬರದೆ, ಪಾವು ಇಲ್ಲದೆ, ಬಂದ ಮಂದಿಯ ಮುಂದೆ ಪೇಚಾಟವಾಗಿತ್ತು. ಆಮೇಲೆ ಇವರೇ ಒಂದು ದಿನ, "ದೊಡ್ಡದೊಂದು ಫ್ರೀಜರ್ ತಗೊಳ್ಳೂಣು. ಹಾಲೂ ಪಾಕೀಟಿಂದು ಪೆಟ್ಟಿಗಟ್ಟಲೆ ತರಸೂಣು. ದಿನಾ ದಿನಾ ದಾರಿ ಕಾಯೂದು ಸಾಕಾತು," ಎಂದರು. ದಾಂಡೇಲಿಯ ಅಂಗಡಿಯವರೊಂದಿಗೆ ಮಾತೂ ಆಡಿ ಬಂದಿದ್ದರು. ನನ್ನ ಬಾಯಿಂದ ತಟ್ಟನೆ, "ಬ್ಯಾಡ," ಎಂದು ಬಂತು.

"ನೀನಽ ಬ್ಯಾಡ ಅಂತೀಯಲ್ಲ? ಚೀಲದ ಮ್ಯಾಲ ಹುಟ್ಟಿದಾಕಿ ನೀ."

"ಬ್ಯಾಡ ಅಂದ್ರ ಬ್ಯಾಡ."

ಮಾತು ಅಲ್ಲಿಗೇ ನಿಂತಿತು. ದಸರೆ ಕಳೆಯಲಿ, ನೋಡೋಣ ಎಂದುಕೊಂಡೆವು.

ದಸರೆ ಕಳೆಯಿತು. ಮಳೆ ಮುಗಿಯಿತೆಂದು ಎಲ್ಲರೂ ಕೊಡೆ ಕಟ್ಟಿಟ್ಟ ಮೇಲೆ, ಯಾರೂ ಕರೆಯದೆ ಒಂದು ಮಳೆ ಬಂತು. ಇಡೀ ಸಂಜೆ ಸುರಿದು ಬೆಳಗಿನ ಹೊತ್ತಿಗೆ ಜಿಟಿಜಿಟಿ ಹಿಡಿದಿತ್ತು. ಕೋಣೆಗಳೆಲ್ಲ ತುಂಬಿದ್ದವು. ಪಾವು ಬಂತು. ಭಾಗೂಬಾಯಿ ಬರಲಿಲ್ಲ.

ಮೊದಲು ನನಗೆ ಬಂದದ್ದು ಸಿಟ್ಟು. ಕೋಣೆಯ ಮಂದಿ ಒಬ್ಬೊಬ್ಬರೇ ಎದ್ದು ಬಂದು ಚಹಾ ಎನ್ನುತ್ತಿದ್ದಾರೆ, ಮನೆಯಲ್ಲಿ ಹಾಲಿನ ಹನಿಯಿಲ್ಲ. ಒಲೆಯ ಮೇಲೆ ನೀರು ಕುದಿದು ಕುದಿದು ಅರ್ಧವಾಯಿತು. ಹಿಂದಿನ ಬಾಗಿಲಲ್ಲಿ ನಿಂತು ದಾರಿ ನೋಡಿದೆ. ಒಳಗೆ ಬಂದೆ, ಮತ್ತೆ ಹೋಗಿ ನೋಡಿದೆ. ಹೀಗೆ ನೋಡುತ್ತ ನೋಡುತ್ತ ಸಿಟ್ಟು ಯಾವಾಗ ಇಳಿಯಿತೋ, ಅದರ ಜಾಗದಲ್ಲಿ ಇನ್ನೊಂದು ಯಾವಾಗ ಬಂದು ಕೂತಿತೋ ತಿಳಿಯಲಿಲ್ಲ. ಆಷಾಢದ ಹುಚ್ಚು ಮಳೆಯಲ್ಲೂ ಕಂಬಳಿ ಹೊದ್ದು ಬಂದ ಹೆಂಗಸು. ತನಗೆ ಆಗದ ದಿನ ಸೊಸೆಯನ್ನಾದರೂ ಕಳಿಸಿದವಳು.

"ರೀ, ಭಾಗೂಬಾಯಿ ಬಂದಿಲ್ಲ," ಎಂದೆ.

"ಫೋನ್ ಹಚ್ಚು."

"ಆ ವಾಡೇದಾಗ ಎಲ್ಲಿ ಹತ್ತತೈತ್ರಿ ಫೋನು? ಸ್ಟೋರ್ಸಿನ್ಯಾಗ ಮಾಲು ಬರದಿದ್ರ, ಫೋನೂ ಹತ್ತದಿದ್ರ, ಏನ ಮಾಡ್ತಿದ್ರಿ ನೀವು?"

ಇವರು ಪಾವು ಹೆಚ್ಚುತ್ತಿದ್ದ ಕೈ ನಿಲ್ಲಿಸಿದರು. "ಮನಿಷ್ಯಾನ್ನ ಕಳಸ್ತಿದ್ವಿ."

"ಹಂಗಾದ್ರ ನಾ ಹೋಗ್ತೇನಿ. ನೀವು ಮಂದಿಗೆ ಹಾಲಿಲ್ಲದ ಕರೇ ಚಹಾ ಮಾಡಿ ಕೊಡ್ರಿ."

ಅಷ್ಟರಲ್ಲಿ ಇನಾಸನ ಹಾರ್ನ್ ಕೇಳಿಸಿತು. ಕಾಯಿಪಲ್ಲೆ ಇಳಿಸಲೂ ಬಿಡದೆ ನಾನು ಗಾಡಿ ಹತ್ತಿದೆ. "ಏನಾತ್ರಿ ಅಕ್ಕಾರ?" ಎಂದ. ಹೇಳಿದೆ. ಅವನು ಗಾಡಿ ತಿರುಗಿಸಿದ. ಡಾಂಬರು ಮುಗಿದು ಕೆಸರು ಶುರುವಾದಲ್ಲಿ ಗಾಡಿ ನಿಲ್ಲಿಸಿ, ಸಾಮಾನು ಬಿಗಿಯುವ ಹಗ್ಗವನ್ನು ಹೆಗಲಿಗೆ ಹಾಕಿಕೊಂಡ. ಯಾಕೆಂದು ನಾನು ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾನೋ ಎಂದು ಹೆದರಿಕೆ.

ಹಳ್ಳದ ಸದ್ದು ದೂರದಿಂದಲೇ ಕೇಳುತ್ತಿತ್ತು. ದಸರೆಯ ಹೊತ್ತಿಗೆ ಮೊಣಕಾಲೂ ಮುಟ್ಟದ ನೀರು ಕೆಂಪಗೆ ಉಬ್ಬಿ ದಿಮ್ಮಿಯ ಹೊಟ್ಟೆಗೆ ಬಡಿಯುತ್ತಿತ್ತು. ಆಚೆ ದಡದಲ್ಲಿ, ಒಂದು ಮರದ ಬೇರಿಗೆ ಒರಗಿ ಭಾಗೂಬಾಯಿ ಕುಳಿತಿದ್ದಳು. ದಿಮ್ಮಿಯ ಮೇಲೆ ನಾಲ್ಕು ಹೆಜ್ಜೆ ಇಟ್ಟು ಜಾರಿ ಕಲ್ಲಿನ ಸಂದಿಗೆ ಬಿದ್ದು, ಒಂದು ಕಾಲು ಮುರಿದು, ಕೈಯಿಂದಲೇ ತೆವಳಿ ಅಲ್ಲಿಯವರೆಗೆ ಬಂದಿದ್ದಳೆಂದು ಆಮೇಲೆ ತಿಳಿಯಿತು. ನಾವು ಹೋಗುವ ಹೊತ್ತಿಗೆ ನೀರು ಆಕೆಯ ಪಾದಕ್ಕೆ ಬಂದಿತ್ತು. ಅದಕ್ಕಿಂತ ಮೇಲೆ ಸರಿಯಲು ಆಕೆಯಲ್ಲಿ ತ್ರಾಣ ಉಳಿದಿರಲಿಲ್ಲ.

ಇನಾಸ ಹಗ್ಗದ ಒಂದು ತುದಿಯನ್ನು ಈಚೆಯ ಮರಕ್ಕೆ ಬಿಗಿದು, ಇನ್ನೊಂದನ್ನು ನಡುವಿಗೆ ಕಟ್ಟಿಕೊಂಡ. "ಸಡಲ್ ಬಿಡಬ್ಯಾಡ್ರಿ ಅಕ್ಕಾರ, ಎಳಿಯಾಕೂ ಹೋಗಬ್ಯಾಡ್ರಿ. ಸುಮ್ನ ಹಿಡಕೊಂಡ ನಿಂದರ್ರಿ," ಎಂದು ದಿಮ್ಮಿ ಹಿಡಿದುಕೊಂಡು ನೀರಿಗಿಳಿದ. ಎದೆಯವರೆಗೂ ಮುಳುಗಿದ. ನಾನು ಹಗ್ಗ ಹಿಡಿದು ನಿಂತೆ. ಜೀವಮಾನದಲ್ಲಿ ಯಾವ ದೇವರನ್ನೂ ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿರಲಿಲ್ಲ. ಅವನು ಆಚೆ ಹತ್ತಿ, ಆಕೆಯನ್ನು ಕಂಬಳಿಯಿಂದ ಬೆನ್ನಿಗೆ ಬಿಗಿದುಕೊಂಡು, ಮಗುವಿಗೆ ಹೇಳುವ ಹಾಗೆ ಕೊಂಕಣಿಯಲ್ಲಿ ಏನೋ ಹೇಳುತ್ತ ಮತ್ತೆ ನೀರಿಗಿಳಿದ. ನಡುವೆ ಒಮ್ಮೆ ಅವನ ಕಾಲು ಕಿತ್ತಿತು. ಇಬ್ಬರೂ ವಾಲಿದರು. ಹಗ್ಗ ನನ್ನ ಅಂಗೈ ಸುಲಿದುಕೊಂಡು ಬಿಗಿಯಾಯಿತು. ಹೇಗೆ ನಿಂತೆನೋ ತಿಳಿಯದು, ನಿಂತೆ. ಅವನು ಮೇಲೆದ್ದ.

ಈಚೆ ದಡಕ್ಕೆ ಬಂದು ಇಳಿಸಿದಾಗ ನೋಡುತ್ತೇನೆ, ಭಾಗೂಬಾಯಿಯ ತುಟಿಗಳು ನೀಲಿಯಾಗಿವೆ, ಹಲ್ಲು ಕಟಕಟ ಎನ್ನುತ್ತಿವೆ, ಆದರೆ ಸೆರಗಿನಲ್ಲಿ ಎದೆಗೆ ಕಟ್ಟಿಕೊಂಡ ಒಂದು ಕ್ಯಾನು.

"ಬಾಯೀ," ಎಂದಳು. "ದುಧ ಗೇಲಂ. ಹೋತು. ದಹಿ ಉಳದೈತಿ ನೋಡ್ರಿ."

ನನಗೆ ಅಳು ಬಂತು. ಇನಾಸ ನಕ್ಕುಬಿಟ್ಟ. ನಗುತ್ತಲೇ ಆಕೆಯನ್ನು ಎತ್ತಿಕೊಂಡು ಗಾಡಿಯವರೆಗೆ ನಡೆದ. ಈರುಳ್ಳಿ ಚೀಲಗಳ ನಡುವೆ ಆಕೆಯನ್ನು ಮಲಗಿಸಿ, ತಲೆ ನನ್ನ ತೊಡೆಯ ಮೇಲಿಟ್ಟುಕೊಂಡು ದಾಂಡೇಲಿಯ ದವಾಖಾನೆಗೆ ಹೊರಟೆವು. ಗಾಡಿ ಎಗರಿದಾಗಲೆಲ್ಲ ಆಕೆ ನನ್ನ ಕೈ ಹಿಚುಕುತ್ತಿದ್ದಳು. ನಡುವೆ ಒಮ್ಮೆ ಕಣ್ಣು ತೆರೆದು ಕೇಳಿದಳು.

"ಮನೀಗ ಬಂದ ಪಾವಣೇರಿಗೆ ಚಹಾ ಏನ ಮಾಡಿದ್ರಿ?"

"ಕರೇ ಚಹಾ ಕೊಟ್ಟೀವಿ. ಸುಮ್ನ ಮಲಗ್ರಿ."

"ಪಾಕೀಟ ಹಾಲ ಹಚ್ಚಬ್ಯಾಡ್ರಿ ಬಾಯೀ. ಸಖೂ ತರ್ತಾಳ."

ದವಾಖಾನೆಯಲ್ಲಿ ಆಕೆಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಬೆಂಚಿನ ಮೇಲೆ ಕೂತೆ. ಇನಾಸ ವಾಡೆಗೆ ಸುದ್ದಿ ಮುಟ್ಟಿಸಲು ಸುತ್ತಿನ ದಾರಿ ಹಿಡಿದು ಹೋಗಿದ್ದ. ಅವನು ಮಧ್ಯಾಹ್ನ ಮರಳಿ ಬಂದು ಅಲ್ಲಿ ಕಂಡದ್ದನ್ನು ಹೇಳಿದ. ಹಳ್ಳದ ಮೇಲಿನ ದಿಮ್ಮಿ ಆಗಲೇ ಕೊಚ್ಚಿಕೊಂಡು ಹೋಗಿತ್ತು. ಆಕೆ ಕುಳಿತಿದ್ದ ಬೇರಿನ ಮೇಲೆ ನೀರು ಹರಿಯುತ್ತಿತ್ತು. ವಾಡೆಯಲ್ಲಿ ಯಾರಿಗೂ ಯಾವ ಗಾಬರಿಯೂ ಇರಲಿಲ್ಲ. ಇರುವುದಾದರೂ ಹೇಗೆ? ಗಂಡಸರು ಎಮ್ಮೆ ಹೊಡೆದುಕೊಂಡು ಇನ್ನೊಂದು ದಿಕ್ಕಿಗೆ ಹೋಗಿದ್ದರು. ಸಖೂ, ಮಳೆಯೆಂದು ಅತ್ತೆ ನಮ್ಮ ಮನೆಯಲ್ಲೇ ಕೂತಿರಬೇಕೆಂದುಕೊಂಡು ರೊಟ್ಟಿ ತಟ್ಟುತ್ತಿದ್ದಳು. ಆ ಬೆಳಗಿನ ಹೊತ್ತಿನಲ್ಲಿ ಭಾಗೂಬಾಯಿ ಇನ್ನೂ ಬಂದಿಲ್ಲ ಎಂಬುದು ಗೊತ್ತಿದ್ದದ್ದು ಈ ಲೋಕದಲ್ಲಿ ಒಂದೇ ಮನೆಗೆ. ಅದೂ ನಾವು ಒಳ್ಳೆಯವರೆಂದಲ್ಲ, ನಮ್ಮ ಮನೆಯಲ್ಲಿ ಹಾಲು ಇರಲಿಲ್ಲವೆಂದು.

ಆ ಬೆಂಚಿನ ಮೇಲೆ ಬಹಳ ಹೊತ್ತು ಆಯಿಯನ್ನು ನೆನೆಯುತ್ತ ಕೂತಿದ್ದೆ. ಆಯಿ ಕಾಳನ್ನು ನಂಬಿದವಳು, ನಾವು ಕಾಲನ್ನು ನಂಬಿದವರು. ಯಾರೋ ನಡೆದು ಬರುತ್ತಾರೆ ಎಂಬುದೇ ನಮ್ಮ ಬಂಡವಾಳ. ಆಕೆಯನ್ನು ಈಗಲೂ ಹಳಿಯಲಾರೆ. ಬಿತ್ತನೆಯ ಬತ್ತ ಕುಟ್ಟಿ ಉಂಡವಳಿಗೆ ತುಂಬಿದ ಖೋಲಿಯೇ ನಿದ್ದೆ ತರಬೇಕು. ಆದರೆ ಒಂದು ಮಾತು ಹೊಳೆಯಿತು. ಆ ಚೀಲಗಳ ಮನೆಯಲ್ಲಿ ನಾವು ಯಾರ ದಾರಿಯನ್ನೂ ಕಾಯುತ್ತಿರಲಿಲ್ಲ. ಯಾರು ಬಂದರೂ ಬಾರದಿದ್ದರೂ ನಮ್ಮ ಒಲೆ ಉರಿಯುತ್ತಿತ್ತು. ಅದು ನೆಮ್ಮದಿಯೇ, ಇಲ್ಲ ಎನ್ನುವುದಿಲ್ಲ. ಆದರೆ ಆ ನೆಮ್ಮದಿಗೆ ಭಾಗೂಬಾಯಿಯ ನೆನಪಾಗುವುದು ಯಾವ ಹೊತ್ತಿಗೆ?

ದವಾಖಾನೆಯವರು ಭಾಗೂಬಾಯಿಯನ್ನು ಧಾರವಾಡಕ್ಕೆ ಕಳಿಸಿದರು. ಕಾಲಿಗೆ ಸಲಾಕೆ ಹಾಕಿದರು. ನಾವು ನೋಡಲು ಹೋದಾಗ ಆಕೆ ಪಕ್ಕದ ಹಾಸಿಗೆಯವಳ ಹಾಲಿನ ಲೋಟಕ್ಕೆ ಬೆರಳದ್ದಿ, ಇದು ಹಾಲೇ ಅಲ್ಲ ಎಂದು ವಾದ ಮಾಡುತ್ತಿದ್ದಳು. ಇನ್ನು ಚಿಂತೆಯಿಲ್ಲ ಎಂದುಕೊಂಡೆವು.

ಆ ದಿನಗಳಲ್ಲಿ ನಮಗೆ ಪಾಕೀಟಿನ ಹಾಲೇ ಗತಿಯಾಯಿತು, ಸುಳ್ಳು ಹೇಳುವುದಿಲ್ಲ. ಈಗಲೂ ಹಾಲಿನ ಪುಡಿಯ ಒಂದು ಪಾಕೀಟು ಮನೆಯಲ್ಲಿರುತ್ತದೆ. ಅಷ್ಟರಮಟ್ಟಿಗೆ ಆಯಿ ಗೆದ್ದಳು. ಫ್ರೀಜರ್ ಅಂಗಡಿಯವರು ಒಮ್ಮೆ ಫೋನು ಮಾಡಿದರು. ಇವರು ನನ್ನ ಮುಖ ನೋಡುತ್ತ, "ಸದ್ಯ ಬ್ಯಾಡ್ರಿ. ಬೇಕಾದಾಗ ಹೇಳ್ತೇವಿ," ಎಂದರು. ಫೋನು ಇಟ್ಟ ಮೇಲೆ, "ಬೇಕಾಗಂಗಿಲ್ಲ ಬಿಡು," ಎಂದು ತಾವೇ ಸೇರಿಸಿದರು.

ಹಳ್ಳಕ್ಕೆ ಹೊಸ ದಿಮ್ಮಿ ಬಿತ್ತು. ಈ ಸಲ ಕೈಗೆ ಹಿಡಿಯಲು ಹಗ್ಗವನ್ನೂ ಕಟ್ಟಿದರು. ಇನಾಸನೇ ನಿಂತು ಕಟ್ಟಿಸಿದ. ಸಖೂ ಹಾಲು ತರತೊಡಗಿದಳು. ಆಕೆಯದು ಅತ್ತೆಯಷ್ಟು ಮಾತಿಲ್ಲ. ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವಳು, ಆದರೆ ಅರ್ಧ ಕುಡಿಯುವಷ್ಟರಲ್ಲೇ ಎದ್ದು ನಿಲ್ಲುವಳು.

"ಯಾಕವ್ವಾ ಅಷ್ಟ ಗಡಿಬಿಡಿ?" ಎಂದರೆ, "ಆತ್ಯಾ ಕುಂತಿರ್ತಾಳ್ರಿ," ಎನ್ನುವಳು. ಅತ್ತೆ ಕಾಯುತ್ತಿರುತ್ತಾಳೆ ಎಂದು. ಮನೆಯಲ್ಲಿ ಕೂತಿರುತ್ತಾಳೆಂದು ನಾನು ತಿಳಿದೆ.

ಸಂಕ್ರಾಂತಿಯ ಎಳ್ಳು ಬೆಲ್ಲ ಕೊಟ್ಟು ಬರೋಣವೆಂದು ಒಂದು ಬೆಳಿಗ್ಗೆ ನಾನೂ ಸಖೂ ಜೊತೆ ಹೊರಟೆ. ಹಳ್ಳದಲ್ಲಿ ನೀರು ಇಳಿದು ಕಲ್ಲುಗಳು ಕಾಣುತ್ತಿದ್ದವು. ಆಚೆ ದಡದಲ್ಲಿ ಕಂಬಳಿ ಹಾಸಿಕೊಂಡು, ಪಕ್ಕಕ್ಕೆ ಊರುಗೋಲು ಇಟ್ಟುಕೊಂಡು ಭಾಗೂಬಾಯಿ ಕುಳಿತಿದ್ದಳು.

ನಾನು ಹಗ್ಗ ಹಿಡಿದು ಅಂಜುತ್ತ ದಿಮ್ಮಿ ದಾಟುವವರೆಗೂ ಉಸಿರು ಬಿಗಿಹಿಡಿದು ನೋಡಿದಳು. ದಾಟಿದ ಮೇಲೆ ಬಾಯಿತುಂಬ ನಕ್ಕಳು.

"ಈ ಥಂಡ್ಯಾಗ ಇಲ್ಲಿ ಯಾಕ ಕುಂತೀರಿ? ಮನ್ಯಾಗ ಕುಂದ್ರಬಾರದ?"

"ಸಖೂ ಆ ಕಡೆ ಮುಟ್ಟಲಿಲ್ಲಂದ್ರ ನಿಮಗ ತಿಳೀತೈತಿ ಬಾಯೀ. ಈ ಕಡೆ ತಿರಗಿ ಬರಲಿಲ್ಲಂದ್ರ ಯಾರಿಗೆ ತಿಳೀಬೇಕು? ದಿನಾ ಕುಂಡರ್ತೇನಿ."

ಸೊಸೆಯ ಕೈಯಿಂದ ಖಾಲಿ ಕ್ಯಾನು ತೆಗೆದುಕೊಂಡು, ಮುಚ್ಚಳ ಬಿಚ್ಚಿ ಒಳಗೆ ನೋಡಿದಳು. ಆಮೇಲೆ ಊರುಗೋಲು ಊರಿ, ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಎದ್ದಳು.

"ನಡೀರಿ," ಎಂದಳು. "ಮನೀಗ ಹೋಗೂಣು. ಚಹಾ ಹೆಂಗ ಮಾಡಬೇಕು ತೋರಸ್ತೇನಿ."